ಸಹಾಯ ಮಾಡುತ್ತಿದ್ದಳು

ವೀಸಾ ಮೇಷ್ಟ್ರು ನಮ್ಮಮ್ಮನಿಗೆ ಒಂಬತ್ತು ವರ್ಷದ ಕಾಯಿಲೆ ಬರಿಸಿಬಿಟ್ಟರು.

ಬರಿಸಿದ್ದು ಕಾಗದದ ಮೇಲೆ ಮಾತ್ರ. ಅಮ್ಮ ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗುಂಡುಕಲ್ಲಿನ ಹಾಗೆ ಕೂತಿದ್ದಳು. ಲಿಫ್ಟಿಲ್ಲದ ಮೂರು ಮಹಡಿ ಹತ್ತಿ ಬಂದರೂ ಅವಳ ಉಸಿರು ಏರಿರಲಿಲ್ಲ. ಏರಿದ್ದು ಮೇಷ್ಟ್ರ ಮಾತು ಕೇಳಿದ ಮೇಲೆ.

"ನೋಡಮ್ಮ," ಅಂದರು ಮೇಷ್ಟ್ರು ನನಗೆ. "ಇಪ್ಪತ್ತನೇ ವಯಸ್ಸಿಂದ ಇಪ್ಪತ್ತೊಂಬತ್ತರವರೆಗೆ ನೀನು ಏನು ಮಾಡ್ತಿದ್ದೆ ಅನ್ನೋದಕ್ಕೆ ಒಂದು ಚೂರು ಕಾಗದ ಇಲ್ಲ. ಅಂಚೆ ಮೂಲಕ ಡಿಗ್ರಿ ಮಾಡಿದೀಯ, ಸರಿ. ಉಳಿದ ಹೊತ್ತು? ಆಫೀಸರ್ ಮೊದಲು ಕೇಳೋದೇ ಅದು. ತಾಯಿಗೆ ಹುಷಾರಿರಲಿಲ್ಲ, ನೋಡ್ಕೋತಿದ್ದೆ ಅಂದ್ಬಿಡು. ಅವರೂ ಮನುಷ್ಯರೇ, ಕರಗ್ತಾರೆ."

"ನನಗೇನಾಗಿತ್ತು?" ಅಂದಳು ಅಮ್ಮ.

"ಬೆನ್ನುಮೂಳೆ ಅಂತ ಇಟ್ಕೊಳ್ಳೋಣ."

"ಒಂಬತ್ತು ವರ್ಷ ಮಲಗಿದ್ದೋಳು ಈಗ ಹೇಗೆ ಎದ್ದೆ? ಮಗಳಿಗೆ ಸೀಟು ಸಿಕ್ತು ಅಂತ ಎದ್ನಾ?"

ಮೇಷ್ಟ್ರು ಕೆಟ್ಟವರಲ್ಲ. ಓದಲು ಅಮೆರಿಕಕ್ಕೆ ಹೋಗುವವರನ್ನು ತಯಾರು ಮಾಡುವುದು ಅವರ ಕಸುಬು. ಅವರು ಮಾತ್ರ ಅಮೆರಿಕ ನೋಡಿದವರಲ್ಲ. ಎಲ್ಲಿಂದಲೋ ಹಳೆಯ ಟಿಕೆಟ್ ಕೌಂಟರಿನ ಗಾಜು ತಂದು ಮೇಜಿನ ಮೇಲೆ ನಿಲ್ಲಿಸಿ, ಅದರ ಹಿಂದೆ ಮುಖ ಗಂಟಿಕ್ಕಿಕೊಂಡು ಆಫೀಸರನ ಹಾಗೆ ಕೂರುತ್ತಾರೆ. ನಾವು ಇತ್ತ ನಿಂತು ಉತ್ತರ ಒಪ್ಪಿಸಬೇಕು. ನಾನು ಆಗಲೇ ಆರು ಸಲ ನಿಂತಿದ್ದೆ. ಲಸಿಕೆ ಹಾಕಿಸಿಕೊಂಡ ಚೀಟಿ, ಎರಡೂ ಕಿವಿ ಕಾಣುವ ಹಾಗೆ ತೆಗೆಸಿದ ಫೋಟೊ, ಅಂಕಪಟ್ಟಿಗಳು, ಎಲ್ಲ ನೀಲಿ ಫೈಲಿನಲ್ಲಿ ಸಾಲಾಗಿ ಕೂತಿದ್ದವು. ಇಲ್ಲದ್ದು ಒಂದೇ ಹಾಳೆ. ಅದೇ ಎಲ್ಲದಕ್ಕೂ ಮೂಲ.

ನನಗೆ ಸಿಕ್ಕಿದ್ದು ಕಿವಿ, ಕೇಳುವಿಕೆಯ ವಿಷಯದಲ್ಲಿ ಎರಡು ವರ್ಷದ ಓದು. ಅಲ್ಲಿನ ಲ್ಯಾಬಿನಲ್ಲಿ ಮಕ್ಕಳಿಗೆ ಕಿವಿಯ ಅಚ್ಚು ಮಾಡುವ ಕೆಲಸವನ್ನೂ ಕೊಡುತ್ತೇವೆ ಎಂದಿದ್ದರು. ಆ ಕೆಲಸ ಸಿಕ್ಕರೆ ಫೀಸು ಮಾಫಿ. ಸಿಗದಿದ್ದರೆ ನಾನು ಹೋಗುವ ಮಾತೇ ಇಲ್ಲ. ಅದಕ್ಕೆ ಅವರು ಕೇಳಿದ್ದು ಇಷ್ಟು: ಎಲ್ಲಿ ಕೆಲಸ ಮಾಡಿದ್ದೀಯೋ ಅಲ್ಲಿಯ ಯಜಮಾನರು, ಏನು ಕೆಲಸ, ಎಷ್ಟು ವರ್ಷ ಎಂದು ಬರೆದು ಸಹಿ ಹಾಕಿ ಕಳಿಸಲಿ. ತಿಂಗಳ ಕೊನೆಯೊಳಗೆ. ಇನ್ನು ಹನ್ನೆರಡು ದಿನ ಇತ್ತು.

"ಸುಳ್ಳು ಬೇಡ ಮೇಷ್ಟ್ರೇ," ಅಂದೆ. "ನಾನು ಕೆಲಸ ಮಾಡ್ತಿದ್ದೆ. ಮಾವನ ಅಂಗಡೀಲಿ."

"ಹಾಗಾದ್ರೆ ನಿನ್ನ ಮಾವನ ಕೈಲಿ ಬರೆಸ್ಕೊಂಡು ಬಾ. ಮನೆಯವರೇ ಅಲ್ವಾ, ಅದೇನು ದೊಡ್ಡ ವಿಷಯ."

ಮನೆಯವರ ಹತ್ತಿರ ಕಾಗದ ಬರೆಸಿಕೊಂಡು ಮೇಷ್ಟ್ರಿಗೆ ಅಭ್ಯಾಸ ಇಲ್ಲ ಅಂತ ಕಾಣುತ್ತದೆ.

ಮಾವ ಅಂದರೆ ಅಮ್ಮನ ಅಣ್ಣ. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನು ಕರೆತಂದು ಮನೆಯಲ್ಲಿಟ್ಟುಕೊಂಡವರು. ಮದುವೆ ಮಾಡಿಕೊಳ್ಳಲಿಲ್ಲ. ಅವರಿಗೆ ಮಾತೇ ಸಂಸಾರ. ಬೆಳಿಗ್ಗೆ ಶುರುವಾದರೆ ಎದುರಿನವರಿಗೆ ಬಾಯಿ ತೆರೆಯಲು ಸಂದು ಸಿಗುವುದಿಲ್ಲ. ಮನೆಯಲ್ಲಿ ಟೀವಿ ಹಚ್ಚಿದರೆ ಎದುರು ಮನೆಯವರೂ ವಾರ್ತೆ ಕೇಳಬೇಕು. ದೊಡ್ಡಸ್ತಿಕೆ ಎಂದು ನಾನೂ ಅಮ್ಮನೂ ತೀರ್ಮಾನಿಸಿ ಬಹಳ ಕಾಲವಾಗಿತ್ತು.

ಅವರ ಅಂಗಡಿ ಜೆರಾಕ್ಸ್ ಅಂಗಡಿಯ ಮೇಲೆ, ಮೊದಲ ಮಹಡಿಯಲ್ಲಿದೆ. ಮಾರುವುದು ಕಿವಿಯ ಯಂತ್ರ. ಮುಂದೆ ಕೌಂಟರು, ಮುಚ್ಚಿಹೋದ ಹಲ್ಲಿನ ಆಸ್ಪತ್ರೆಯಿಂದ ತಂದ ಹಿಂದಕ್ಕೆ ಬಾಗುವ ಕುರ್ಚಿ, ಮೂಲೆಯಲ್ಲಿ ಕಿವಿ ಪರೀಕ್ಷೆಯ ಗಾಜಿನ ಗೂಡು. ಹಿಂದೆ ಹಸಿರು ಪರದೆ. ಪರದೆಯ ಹಿಂದೆ ನಾನು.

ಯಂತ್ರ ಕಾರ್ಖಾನೆಯಿಂದ ಬರುತ್ತದೆ, ಯಾರು ಬೇಕಾದರೂ ಮಾರಬಹುದು. ಅದನ್ನು ಕಿವಿಯೊಳಗೆ ಕೂರಿಸುವ ಅಚ್ಚು ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಕಿವಿಯೊಳಗೆ ದಾರ ಕಟ್ಟಿದ ಹತ್ತಿ ಇಟ್ಟು, ಗುಲಾಬಿ ಬಣ್ಣದ ಮೆತ್ತನೆ ಪೇಸ್ಟು ತುಂಬಿ, ಗಟ್ಟಿಯಾದ ಮೇಲೆ ತೆಗೆದು, ಅದರ ಮೇಲೆ ಪ್ಲಾಸ್ಟರ್ ಸುರಿದು, ಆ ಪೊಳ್ಳಿನಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಎರೆದು, ಸಣ್ಣ ಮೋಟರಿನಲ್ಲಿ ಉಜ್ಜಿ ಉಜ್ಜಿ ನಯ ಮಾಡಬೇಕು. ಬಲಕ್ಕೆ ಕೆಂಪು ಚುಕ್ಕೆ, ಎಡಕ್ಕೆ ನೀಲಿ. ಕೂದಲೆಳೆಯಷ್ಟು ಸಡಿಲವಾದರೂ ಯಂತ್ರ ಕುಯ್ಯೋ ಎಂದು ಶಿಳ್ಳೆ ಹೊಡೆಯುತ್ತದೆ. ಒಂಬತ್ತು ವರ್ಷದಲ್ಲಿ ನಾನು ಮೂರು ಸಾವಿರಕ್ಕೂ ಹೆಚ್ಚು ಕಿವಿ ಉಜ್ಜಿದ್ದೇನೆ. ಒಂದೊಂದಕ್ಕೂ ಒಂದು ಕಾರ್ಡು. ಹೆಸರು, ಯಾವ ಕಿವಿ, ತಾರೀಖು, ಕೊನೆಯಲ್ಲಿ 'ತಯಾರಿಸಿದವರು' ಎಂಬ ಸಾಲು. ಆ ಸಾಲಿನಲ್ಲಿ ಮೂರು ಸಾವಿರ ಸಲವೂ ಮಾವನ ಸಹಿ. ಬಾಗಿಲ ಮೇಲಿನ ಬೋರ್ಡಿನಲ್ಲೂ ಅದೇ: ಮಾಲೀಕರ ಸ್ವಂತ ಕೈಯಿಂದ ತಯಾರಿಸಿದ ಅಚ್ಚುಗಳು.

ಪರದೆಯ ಹಿಂದೆ ಕೂತು ಗೊಣಗುವುದು ನನ್ನ ಸಂಬಳ ಎಂದುಕೊಂಡಿದ್ದೆ. ಮಾವ ಗಿರಾಕಿಗೆ "ಇದನ್ನ ಉಜ್ಜಿ ಉಜ್ಜಿ ನನ್ನ ಬೆರಳು ಸವೆದುಹೋಯ್ತು" ಅಂದರೆ, ನಾನು ಇತ್ತ "ಸವೆದಿದ್ದು ನಾಲಿಗೆ" ಅನ್ನುತ್ತಿದ್ದೆ. ಒಂದು ಸಲವೂ ಅವರು ತಿರುಗಿ ಏನೂ ಅನ್ನಲಿಲ್ಲ. ನನ್ನ ಮಾತಿಗೆ ಉತ್ತರ ಕೊಡುವಷ್ಟು ಬೆಲೆಯೂ ಇಲ್ಲ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಅವತ್ತು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ, ಅವರ ಎದುರಿಗೆ ನಿಂತು ವಿಷಯ ಹೇಳಿದೆ.

"ಪತ್ರನಾ?" ಅಂದರು ಮಾವ. "ಮನೆ ಹುಡುಗೀಗೆ ಯಾರಾದ್ರೂ ಕೆಲಸದ ಪತ್ರ ಕೊಡ್ತಾರಾ? ನೀನೇನು ಹೊರಗಿನವಳಾ?"

"ಹೊರಗಿನವಳಾಗಿದ್ರೆ ಇಷ್ಟು ಹೊತ್ತಿಗೆ ನನ್ನ ಹತ್ರ ಒಂಬತ್ತು ವರ್ಷದ ಪತ್ರ ಇರ್ತಿತ್ತು."

"ಅಲ್ಲಿಗೆ ಹೋಗಿ ಏನು ಕಲೀತೀಯ? ಇಲ್ಲಿ ಇಲ್ಲದ ಕಿವಿ ಅಲ್ಲಿದೆಯಾ?"

"ಕಿವಿ ಎಲ್ಲಾ ಕಡೆ ಇದೆ ಮಾವ. ಅಲ್ಲಿ ಅದನ್ನ ಮಾಡಿದವರ ಹೆಸರು ಬರೀತಾರಂತೆ."

ಮಾವ ಸ್ವಲ್ಪ ಹೊತ್ತು ಕೌಂಟರಿನ ಗಾಜನ್ನು ಕರವಸ್ತ್ರದಿಂದ ಒರೆಸಿದರು. ಆಮೇಲೆ, ಎಲ್ಲರೂ ಮಾತಿನಲ್ಲಿ ಸೋತಾಗ ಮಾಡುವ ಹಾಗೆ, ಆಗಲಿ ನೋಡೋಣ ಅಂದರು. ಮರುದಿನ ಬೆಳಿಗ್ಗೆ ಅಂಗಡಿಯ ಹೆಸರಿದ್ದ ಹಾಳೆಯಲ್ಲಿ ಬರೆದು ಕೊಟ್ಟರು. ನಾಲ್ಕೇ ಸಾಲು. ಇವಳು ನನ್ನ ತಂಗಿಯ ಮಗಳು. ಬಿಡುವಿದ್ದಾಗ ಅಂಗಡಿಗೆ ಬಂದು ಬಾಗಿಲು ತೆಗೆಯುವುದು, ಗಿರಾಕಿಗಳಿಗೆ ನೀರು ಕೊಡುವುದು, ಗಾಜು ಒರೆಸುವುದು ಮುಂತಾದವುಗಳಲ್ಲಿ ಸಹಾಯ ಮಾಡುತ್ತಿದ್ದಳು. ಒಳ್ಳೆಯ ನಡತೆಯವಳು.

ಕೊನೆಯ ಸಾಲೊಂದು ಮಾತ್ರ ನನ್ನ ಪರವಾಗಿದ್ದ ಸುಳ್ಳು.

ಮನೆಯಲ್ಲಿ ಅಮ್ಮ ಅದನ್ನು ಎರಡು ಸಲ ಓದಿ ಮಡಿಚಿಟ್ಟಳು. "ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳ್ತಾರಾ," ಅಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಜಗಳ ಮಾಡ್ಬೇಡ ಕಣೆ. ತಲೆ ಮೇಲಿರೋ ಸೂರು ಅವನದ್ದು."

"ಜಗಳ ಯಾಕೆ ಮಾಡ್ಲಿ? ಮಾವ ಬರೆದಿದ್ದಾರಲ್ಲ, ಅದನ್ನೇ ಮಾಡ್ತೀನಿ. ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ."

ಅಮ್ಮ ನನ್ನ ಮುಖ ನೋಡಿ ತಲೆ ಚಚ್ಚಿಕೊಂಡಳು. ಹೆತ್ತವಳಿಗೆ ಗೊತ್ತಿರುತ್ತದೆ.

ಮರುದಿನ ಬಾಗಿಲು ತೆಗೆದೆ. ಗಾಜು ಒರೆಸಿದೆ. ಆಮೇಲೆ ಪರದೆಯ ಹಿಂದೆ ಹೋಗದೆ ಗಿರಾಕಿಗಳ ಬೆಂಚಿನ ಮೇಲೆ ಕೈಕಟ್ಟಿ ಕೂತೆ. ಮೊದಲ ಗಿರಾಕಿ ಬಂದು ಅಚ್ಚಿಗೆ ಅಳತೆ ಕೊಡಬೇಕು ಎಂದಾಗ ಮಾವ ಅಭ್ಯಾಸಬಲದಿಂದ ಪರದೆಯ ಕಡೆ ಕೈ ತೋರಿಸಿದರು. ನಾನು ಎದ್ದು ಹೋಗಿ ಗಿರಾಕಿಗೆ ನೀರು ಕೊಟ್ಟೆ.

"ಇದೇನು?" ಅಂದರು ಮಾವ.

"ಸಹಾಯ."

ಜೇಬಿನಿಂದ ಪತ್ರ ತೆಗೆದು ಕೌಂಟರಿನ ಮೇಲಿಟ್ಟೆ. ಗಿರಾಕಿಯ ಎದುರಿಗೆ ಅವರೇನು ಮಾಡಿಯಾರು? ನಗುತ್ತಾ ತೋಳು ಮಡಿಚಿಕೊಂಡು ತಾವೇ ಪೇಸ್ಟು ಕಲಸಲು ಹೋದರು. ನೀರು ಜಾಸ್ತಿ ಎರೆದ ಹಿಟ್ಟಿನ ಹಾಗೆ ಅದು ಅವರ ಬೆರಳಿಗೆಲ್ಲ ಮೆತ್ತಿಕೊಂಡಿತು. ಆದರೂ ಒಪ್ಪಬೇಕು, ಅವರು ಬಿಡಲಿಲ್ಲ. ನನಗೆ ಈ ಕೆಲಸ ಕಲಿಸಿದವರು ಅವರೇ. ಕೈ ಮರೆತಿದ್ದನ್ನು ಬಾಯಿ ಮರೆತಿರಲಿಲ್ಲ. ನಾಲ್ಕು ದಿನ ಪರದೆಯ ಹಿಂದೆ ಮೋಟರು ತಿರುಗಿತು. ನಾಲ್ಕು ದಿನ ನಾನು ಬಂದವರಿಗೆಲ್ಲ ನೀರು ಕುಡಿಸಿದೆ. ಬೇಡ ಅಂದವರಿಗೂ ಕುಡಿಸಿದೆ. ಗಾಜು ಎಷ್ಟು ಒರೆಸಿದೆನೆಂದರೆ, ಗಾಜೇ ಇಲ್ಲವೆಂದುಕೊಂಡು ಒಬ್ಬರು ಅದರ ಮೂಲಕ ಕೈ ಚಾಚಿದರು.

ನಾಲ್ಕನೆಯ ದಿನ ಸಂಜೆ ಮನೆಯಲ್ಲಿ ಮಾವ ಊಟಕ್ಕೆ ಕೂತಾಗ ಅಮ್ಮ ಬಡಿಸುತ್ತಿದ್ದಳು. ಟೀವಿಯೊಂದು ಮೂವರ ಪರವಾಗಿಯೂ ಕಿರುಚುತ್ತಿತ್ತು. ತಿಂಗಳು ಮುಗಿಯಲು ಆರು ದಿನ ಉಳಿದಿತ್ತು. ನನಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಅಮೆರಿಕದ ಲ್ಯಾಬಿನವರು ಕಾಯುವುದಿಲ್ಲ, ಮಾವ ಬಗ್ಗುವುದಿಲ್ಲ, ನಾನು ಮಾತ್ರ ಗಾಜು ಒರೆಸಿಕೊಂಡು ಇಲ್ಲೇ ಮುದುಕಿಯಾಗುತ್ತೇನೆ ಅನ್ನಿಸಿತು. ಆದರೂ ಬಾಗಿಲು ತೆಗೆಯುವವಳು ಎಂದು ಬರೆಸಿಕೊಂಡು ಹೋಗುವುದಕ್ಕಿಂತ ಬಾಗಿಲು ತೆಗೆಯುತ್ತಾ ಇಲ್ಲೇ ಇರುವುದು ಮೇಲು ಎಂದುಕೊಂಡು ಅನ್ನ ನುಂಗಿದೆ.

ಮರುದಿನ ಬೆಳಿಗ್ಗೆ ದೊಡ್ಡ ಟೀಚರ್ ಬಂದರು. ಪಕ್ಕದ ಬೀದಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ಇವತ್ತಿಗೂ ಅವರನ್ನು ಕಂಡರೆ ಸೈಕಲ್ಲಿನವರು ಇಳಿದು ನಡೆಯುತ್ತಾರೆ. ಜೊತೆಗೆ ಸೊಸೆ. ಹೊಸ ಅಚ್ಚಿಗೆ ಮೂರು ದಿನದ ಹಿಂದೆ ಅಳತೆ ಕೊಟ್ಟಿದ್ದರು. ಅಳತೆ ತೆಗೆದವರು ಮಾವ.

ಟೀಚರ್ ಕುರ್ಚಿಯಲ್ಲಿ ಕೂತರು. ಮಾವ ಅಚ್ಚನ್ನು ಬಿಳಿ ಬಟ್ಟೆಯಲ್ಲಿ ಒರೆಸಿ, ಬಲಗಿವಿಯಲ್ಲಿ ತಿರುಚಿ ಕೂರಿಸಿ, ಯಂತ್ರ ಚಾಲೂ ಮಾಡಿದರು.

ಕುಯ್ಯೋ ಎಂದು ಎದ್ದಿತು ಶಿಳ್ಳೆ. ಅಂಥ ಶಿಳ್ಳೆಯನ್ನು ನಾನು ಈ ಒಂಬತ್ತು ವರ್ಷದಲ್ಲಿ ಕೇಳಿರಲಿಲ್ಲ. ಸೊಸೆ ಎರಡೂ ಕಿವಿ ಮುಚ್ಚಿಕೊಂಡಳು. ಕೆಳಗಿನ ಜೆರಾಕ್ಸ್ ಅಂಗಡಿಯವನು ಮೆಟ್ಟಿಲ ಮೇಲೆ ಬಂದು ಇಣುಕಿದ.

ಟೀಚರಿಗೆ ಕೇಳಿಸಲಿಲ್ಲ. ಅವರ ಕಿವಿ ಶಿಳ್ಳೆಯಂಥ ಕೀರಲು ದನಿಗಳನ್ನು ಬಿಟ್ಟುಕೊಟ್ಟು ಹದಿನೈದು ವರ್ಷವಾಗಿದೆ, ಕಾರ್ಡಿನಲ್ಲಿ ಬರೆದಿದ್ದೇನೆ. ನಾನು ಮಾವನ ಕಡೆ ನೋಡಿದೆ. ಮಾವ ಟೀಚರ ಮುಖ ನೋಡುತ್ತಾ ಹೆಮ್ಮೆಯಿಂದ ನಗುತ್ತಿದ್ದರು.

"ಹೇಗಿದೆ ಟೀಚರ್?"

"ಚೆನ್ನಾಗಿ ಕೂತಿದೆ."

"ಕೂರಲೇಬೇಕಲ್ಲ. ಇದು ನನ್ನ ಸ್ವಂತ ಕೈ."

ಶಿಳ್ಳೆ ಮುಂದುವರಿಯಿತು. ಆ ಇಬ್ಬರೂ ಅದರ ನಡುವೆ ಆರಾಮವಾಗಿ ಒಬ್ಬರನ್ನೊಬ್ಬರು ನೋಡಿ ನಗುತ್ತಾ ಕೂತಿದ್ದರು. ಸೊಸೆ "ಯಾರಾದ್ರೂ ನಿಲ್ಲಿಸ್ರಿ" ಎಂದಳು. ಮಾವ ಅವಳ ಕಿವುಚಿದ ಮುಖ ನೋಡಿ ಏನೋ ಸರಿಯಿಲ್ಲವೆಂದು ತಿಳಿದು, ಕೂಡಲೇ ಮಾತಿಗಿಳಿದರು. "ಕೂತ್ಕೊಳ್ಳಮ್ಮ, ಎಷ್ಟೊತ್ತು ನಿಂತಿರ್ತೀಯ. ಇವಳೇ, ಅವರಿಗೆ ನೀರು ಕೊಡು."

ನನ್ನ ಕೈಯಲ್ಲಿ ನೀರಿನ ಲೋಟ ಆಗಲೇ ಇತ್ತು. ಅದನ್ನು ಎಲ್ಲಿಟ್ಟೆನೋ ನೆನಪಿಲ್ಲ.

ಕಿವಿಯ ಅಂಗಡಿಯಲ್ಲಿ ಒಂಬತ್ತು ವರ್ಷ ಕೂತವಳಿಗೆ ಮಾವನ ಕಿವಿ ಕಂಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ. ನಾನು ಆ ಕತ್ತಲೆಯಲ್ಲೇ ಮೇಜು ಹಾಕಿಕೊಂಡು ಕೂತಿದ್ದೆ.

ಹೋಗಿ ಟೀಚರ ಕಿವಿಯಿಂದ ಅಚ್ಚು ತೆಗೆದು ಯಂತ್ರ ಆರಿಸಿದೆ. ಅಂಗಡಿ ಒಮ್ಮೆಲೇ ನಿಶ್ಶಬ್ದವಾಯಿತು. ಹಳೆಯದನ್ನೇ ಮತ್ತೆ ಹಾಕಿ, ಅವರಿಗೆ ನನ್ನ ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದೆ, "ಇನ್ನು ಮೂರು ದಿನ ಇದೇ ಇರ್ಲಿ ಟೀಚರ್. ಹೊಸದು ಸ್ವಲ್ಪ ಸಡಿಲ ಇದೆ."

"ನೀನು ಮಾಡಿದ್ರೆ ಬರ್ತೀನಿ," ಅಂದರು ಟೀಚರ್. "ಯಾವಾಗ್ಲೂ ನೀನೇ ತಾನೇ ಮಾಡೋದು. ಈ ಸಲ ಯಾಕೆ ಇವರು ಕೈ ಹಾಕಿದ್ರು?"

ಮಾವ ಅವರ ಎದುರಿಗೇ ನಿಂತಿದ್ದರು. ತುಟಿಯ ಮೇಲೆ ಕಣ್ಣಿಟ್ಟಿದ್ದರು. ಆ ಮಾತು ಅವರಿಗೆ ಪೂರ್ತಿ ಕಾಣಿಸಿತು.

ಅವರೆಲ್ಲ ಹೋದ ಮೇಲೆ ನಾನು ಪರದೆಯ ಹಿಂದೆ ಹೋಗಿ ನಿಂತೆ. ದಿನವೂ ಗೊಣಗುವಷ್ಟೇ ದನಿಯಲ್ಲಿ, "ಮಾವ," ಅಂದೆ. ಉತ್ತರವಿಲ್ಲ. "ಮಾವ, ಅಂಗಡಿಗೆ ಬೆಂಕಿ ಬಿದ್ದಿದೆ." ಪರದೆಯ ಸಂದಿನಿಂದ ನೋಡಿದೆ. ಮಾವ ನನಗೆ ಬೆನ್ನು ಮಾಡಿ ಟೀಚರ ಅಚ್ಚನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಒಂಬತ್ತು ವರ್ಷ ನಾನು ಬೈದದ್ದೆಲ್ಲ ಪರದೆಗೇ ಬೈದದ್ದು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಯ್ಯೋ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಹೊರಗೆ ಬಂದು ಅವರ ಎದುರು ಸ್ಟೂಲು ಎಳೆದುಕೊಂಡು ಕೂತೆ.

"ಯಾವಾಗಿಂದ?"

ಏನು ಎಂದು ಅವರು ಕೇಳಲಿಲ್ಲ. ಅಷ್ಟು ಮರ್ಯಾದೆ ಉಳಿಸಿಕೊಂಡರು.

"ನಿನ್ನ ಕರೆದು ಆ ಮೇಜಿನ ಹತ್ರ ಕೂರಿಸಿದ್ನಲ್ಲ, ಅವತ್ತಿಂದ. ಒಬ್ರು ಅಚ್ಚು ವಾಪಸ್ ತಂದು ಶಿಳ್ಳೆ ಹೊಡೀತಿದೆ ಅಂದ್ರು. ನನಗೆ ಕೇಳಿಸ್ಲಿಲ್ಲ. ಮೊದಲು ಹೋಗಿದ್ದು ಶಿಳ್ಳೆ ಒಂದೇ. ಆಮೇಲೆ ಒಂದೊಂದೇ."

"ನೀನು ಚುರುಕಿದೀಯ, ಕೆಲಸ ಕಲಿಸ್ತೀನಿ ಅಂದ್ರಿ ಅವತ್ತು."

"ಚುರುಕಿದ್ದೆ ನೀನು. ಕಲಿಸ್ದೆ. ಅದು ಸುಳ್ಳಲ್ಲ."

"ಬಂದವರಿಗೆಲ್ಲ ಭಾಷಣ ಮಾಡ್ತೀರಿ, ಕಣ್ಣಿಗೆ ಕನ್ನಡಕ ಇದ್ದ ಹಾಗೆ ಕಿವಿಗೆ ಯಂತ್ರ, ಇದ್ರಲ್ಲಿ ನಾಚಿಕೆ ಏನು ಬಂತು ಅಂತ. ನೀವು ಒಂದು ಹಾಕ್ಕೊಳ್ಳೋಕೆ ಏನಾಗಿತ್ತು?"

"ಕಿವಿ ಅಂಗಡಿಯವನೇ ಕಿವುಡ ಅಂದ್ರೆ ಮೆಟ್ಟಿಲು ಹತ್ತೋರು ಯಾರು?" ಮಾವ ಕರವಸ್ತ್ರವನ್ನು ಮಡಿಚಿದರು, ಬಿಚ್ಚಿದರು. "ನಿನಗೆ ಪತ್ರ ಕೊಟ್ರೆ, ಅಷ್ಟು ವರ್ಷ ನೀವೇನು ಮಾಡ್ತಿದ್ರಿ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಅದೂ ಹೋಗ್ಲಿ. ನೀನು ಹೋದ್ಮೇಲೆ ಶಿಳ್ಳೆ ಕೇಳಿಸ್ಕೊಳ್ಳೋರು ಯಾರು ನನಗೆ?"

ಅಷ್ಟು ಕಡಿಮೆ ಮಾತಾಡಿದ ಮಾವನನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಆದರೆ ಅಲ್ಲಿಗೇ ಬಿಟ್ಟುಬಿಟ್ಟರೆ ನಾನು ನಾನಲ್ಲ. ಪಾಪ ಬೇರೆ, ಪತ್ರ ಬೇರೆ.

"ಒಂಬತ್ತು ವರ್ಷ ನಿಮ್ಮ ಕಿವಿಯಾಗಿ ಕೂತಿದ್ದೆ ಮಾವ," ಅಂದೆ. "ಆ ಕಿವೀನ ಬಾಗಿಲು ತೆಗೆಯೋಳು ಅಂತ ಬರೆದ್ರಿ. ನೀವು ಹೆದರಿದ್ರಿ, ಸರಿ. ನಿಮ್ಮ ಹೆದರಿಕೆಗೆ ನನ್ನ ಒಂಬತ್ತು ವರ್ಷ ಯಾಕೆ ಹೋಗ್ಬೇಕು? ಹೋಗೋದಿಲ್ಲ. ನಾನು ಬಿಡೋದಿಲ್ಲ."

ಮಾವ ತಲೆ ತಗ್ಗಿಸಿದರು. ತಗ್ಗಿಸಿದರೆ ನನ್ನ ತುಟಿ ಕಾಣುವುದಿಲ್ಲ. ನಾನು ಕೌಂಟರನ್ನು ಕುಟ್ಟಿ ಅವರನ್ನು ಮೇಲೆ ನೋಡುವಂತೆ ಮಾಡಿದೆ.

"ಏಳಿ. ಗೂಡಿನೊಳಗೆ ಕೂತ್ಕೊಳ್ಳಿ."

"ಪತ್ರ ಬರೆದ್ರೆ ಮಾತ್ರ ಅಂತೀಯಾ?"

"ಕಿವಿ ಮೇಲೆ ನಾನು ವ್ಯಾಪಾರ ಮಾಡೋಳಲ್ಲ. ನೀವು ಬರೀರಿ, ಬಿಡಿ, ಅಚ್ಚು ಮಾಡೇ ಮಾಡ್ತೀನಿ. ಏಳಿ."

ಗಾಜಿನ ಗೂಡಿನೊಳಗೆ ಮಾವ ಶಾಲೆಗೆ ತಡವಾಗಿ ಬಂದವರ ಹಾಗೆ ಕೂತರು. ನಾನು ಹೊರಗಿನಿಂದ ಗುಂಡಿ ಒತ್ತುತ್ತಾ ಹೋದೆ. ದನಿ ಕೇಳಿಸಿದಾಗ ಬೆರಳೆತ್ತಬೇಕು. ದಪ್ಪ ದನಿಗಳಿಗೆ ಎತ್ತಿದರು. ದನಿ ಸಣ್ಣದಾದಂತೆ ಬೆರಳು ಮೊಣಕಾಲಿನ ಮೇಲೇ ಉಳಿಯಿತು. ಹಾಳೆಯ ಮೇಲೆ ಗೆರೆ ಮೆಟ್ಟಿಲಿಳಿದ ಹಾಗೆ ಇಳಿಯಿತು. ಅಂಥ ನೂರಾರು ಗೆರೆ ನೋಡಿದ್ದೇನೆ. ಇದನ್ನು ನೋಡುವಾಗ ಕಣ್ಣು ಮಂಜಾಯಿತು. ಒರೆಸಿಕೊಂಡು ಮುಂದಿನ ಗುಂಡಿ ಒತ್ತಿದೆ.

ಆಮೇಲೆ ಕುರ್ಚಿ. ಬಲಗಿವಿಗೆ ಹತ್ತಿ ಇಟ್ಟು ಪೇಸ್ಟು ತುಂಬಿದೆ, ಎಡಗಿವಿಗೂ ತುಂಬಿದೆ. ಗಟ್ಟಿಯಾಗುವವರೆಗೆ ದವಡೆ ಅಲುಗಿಸಬಾರದು.

"ಐದು ನಿಮಿಷ ಮಾತಾಡ್ಬೇಡಿ" ಎಂದು ಅವರ ಎದುರು ಬೆರಳು ತೋರಿಸಿದೆ. ಈ ಅಂಗಡಿ ಶುರುವಾದಾಗಿನಿಂದ ಅಂಥ ಐದು ನಿಮಿಷ ಬಂದಿರಲಿಕ್ಕಿಲ್ಲ.

ಅಚ್ಚು ತಯಾರಾಗಲು ಎರಡು ದಿನ ಹಿಡಿಯಿತು. ಅಮ್ಮನಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, "ಟೀವಿ," ಅಂದಳು. "ನಾನು ಕರೆದಾಗೆಲ್ಲ ಬೇಕಂತಲೇ ಓಗೊಡೋದಿಲ್ಲ ಅಂದ್ಕೊಂಡಿದ್ದೆ ಕಣೆ," ಅಂದಳು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು, "ಆದ್ರೂ ಪತ್ರ ಬರೆಸ್ಕೊಳ್ಳದೆ ಬಿಡ್ಬೇಡ," ಅಂದಳು. ಸೂರಿನ ಮಾತನ್ನು ಮತ್ತೆ ಎತ್ತಲಿಲ್ಲ.

ತಿಂಗಳು ಮುಗಿಯಲು ಮೂರು ದಿನ ಇತ್ತು. ಬೆಳಿಗ್ಗೆ ಅಂಗಡಿ ತೆಗೆದೊಡನೆ ಮಾವನನ್ನು ಕೂರಿಸಿ ಕೆಂಪು ಚುಕ್ಕೆಯದನ್ನು ಬಲಕ್ಕೆ, ನೀಲಿಯದನ್ನು ಎಡಕ್ಕೆ ಹಾಕಿದೆ. ಎರಡೂ ಸದ್ದಿಲ್ಲದೆ ಕೂತವು. ಚಾಲೂ ಮಾಡಿದೆ.

ಮಾವ ಮೊದಲು ಮೇಲೆ ನೋಡಿದರು.

"ಈ ಫ್ಯಾನು ಯಾವಾಗಿಂದ ಕಿರುಗುಟ್ತಿದೆ?"

"ನಾಲ್ಕು ವರ್ಷದಿಂದ."

"ಹೇಳ್ಬಾರದಾ?"

"ದಿನಾ ಹೇಳಿದೀನಿ."

ಅವರು ಕೆಳಗಿನ ಜೆರಾಕ್ಸ್ ಯಂತ್ರದ ಸದ್ದು ಕೇಳಿದರು, ತಮ್ಮ ಅಂಗಿಯ ಸದ್ದು ಕೇಳಿದರು. ಆಮೇಲೆ ಎದ್ದು ಹೋಗಿ ಟೀಚರಿಗೆ ತಾವು ಮಾಡಿದ್ದ ಅಚ್ಚನ್ನು ತಂದು, ಒಂದು ಯಂತ್ರಕ್ಕೆ ಸಿಕ್ಕಿಸಿ, ನನ್ನ ಕಿವಿಗೆ ಅರ್ಧ ಒತ್ತಿ ಹಿಡಿದರು. ಕುಯ್ಯೋ ಎಂದಿತು. ಮಾವ ಬೆಚ್ಚಿ ಕೈ ಹಿಂದೆಗೆದರು.

"ಇಷ್ಟು ಕೆಟ್ಟದಾಗಿ ಮಾಡಿದ್ನಾ?"

"ಇದಕ್ಕಿಂತ ಕೆಟ್ಟದಾಗಿ. ಅವತ್ತು ಪೂರ್ತಿ ಜೋರು ಇಟ್ಟಿದ್ರಿ."

ಮಾವ ಇನ್ನೊಮ್ಮೆ ಹಿಡಿದರು, ಇನ್ನೊಮ್ಮೆ ಕೇಳಿದರು. ಮೂರನೇ ಸಲ ಬೇಡವೆಂದು ನಾನೇ ತಲೆ ಆಚೆ ತೆಗೆದೆ. ಅವರ ಮುಖದಲ್ಲಿ ನಗು ಇತ್ತು, ಕಣ್ಣಿನಲ್ಲಿ ನೀರೂ ಇತ್ತು. ಆ ಶಿಳ್ಳೆಯನ್ನು ಇನ್ನು ಮುಂದೆ ತಾವೇ ಹಿಡಿಯಬಲ್ಲರು ಎಂದು ಅವರಿಗೂ ತಿಳಿಯಿತು, ನನಗೂ ತಿಳಿಯಿತು.

ನಾನು ಕಾರ್ಡು ತೆಗೆದೆ. ಮಾವನ ಹೆಸರು, ಎರಡೂ ಕಿವಿ, ತಾರೀಖು ಬರೆದೆ. ಕೊನೆಯ ಸಾಲು ಖಾಲಿ ಬಿಟ್ಟು ಪೆನ್ನಿನ ಸಮೇತ ಅವರ ಮುಂದೆ ತಳ್ಳಿದೆ. ಮಾವ ಅಭ್ಯಾಸದಂತೆ ಸಹಿ ಹಾಕಲು ಪೆನ್ನು ಊರಿದರು. ಊರಿದ್ದು ಹಾಗೇ ನಿಂತಿತು.

ತನ್ನ ಕಿವಿಯ ಅಳತೆ ತಾನೇ ತೆಗೆದುಕೊಳ್ಳಲು ಯಾರಿಂದಲೂ ಆಗುವುದಿಲ್ಲ. ಈ ಕಸುಬಿನಲ್ಲಿ ಎಂಥ ನಿಪುಣನಿಗೂ ಇದೊಂದು ಸಾಧ್ಯವಿಲ್ಲ. ಮೂರು ಸಾವಿರ ಕಾರ್ಡಿನಲ್ಲಿ ಸುಳ್ಳು ಹೇಳಬಹುದು, ಈ ಒಂದರಲ್ಲಿ ಹೇಳಿದರೆ ಓದಿದವರು ನಗುತ್ತಾರೆ.

"ಬರೀರಿ," ಅಂದೆ. "ನೀವೇ ಮಾಡ್ಕೊಂಡ್ರಾ?"

ಮಾವ ನನ್ನ ಹೆಸರು ಬರೆದರು. ಅಪ್ಪನ ಹೆಸರಿನ ಮೊದಲಕ್ಷರವನ್ನೂ ಬಿಡದೆ, ದುಂಡಗೆ ಬರೆದರು. ಬರೆದು ಅದನ್ನೇ ನೋಡುತ್ತಾ ಕೂತರು. ಆಮೇಲೆ ಅಂಗಡಿಯ ಹೆಸರಿದ್ದ ಹಾಳೆಯೊಂದನ್ನು ಮುಂದೆಳೆದುಕೊಂಡರು.

ನಾನು ಪರದೆಯ ಹಿಂದೆ ಹೋದೆ. ಬೇರೆ ಅಳತೆ ತೆಗೆದು ದೊಡ್ಡ ಟೀಚರ ಅಚ್ಚನ್ನು ಹೊಸದಾಗಿ ಮಾಡಿದ್ದೆ, ಅಂಚು ಉಜ್ಜುವುದು ಬಾಕಿ ಇತ್ತು. ಉಜ್ಜುತ್ತಾ ನಡುನಡುವೆ ಸಂದಿನಿಂದ ಇಣುಕಿದೆ. ಇವಳು ಇಷ್ಟು ವರ್ಷದಿಂದ, ಎಂದು ಶುರುಮಾಡಿದ್ದರು. ಅಳತೆ, ಪ್ಲಾಸ್ಟರು, ಮೋಟರು, ಒಂದೊಂದನ್ನೂ ಬಿಡಿಸಿ ಬರೆಯುತ್ತಿದ್ದರು. ಮೂರು ಸಾವಿರ ಎಂಬ ಅಂಕಿ ಕಂಡಿತು. ಅದರ ಕೆಳಗೆ, ಈ ಪತ್ರ ಬರೆಯುವ ಹೊತ್ತಿಗೆ ನನ್ನ ಎರಡೂ ಕಿವಿಯಲ್ಲಿರುವ ಅಚ್ಚು ಇವಳು ಮಾಡಿದ್ದೇ, ಎಂಬ ಸಾಲು ಕಂಡಿತು. ಅಲ್ಲಿಗೆ ಹಾಳೆ ಮುಗಿಯುತ್ತಾ ಬಂದಿತ್ತು. ಮಾವ ಸಹಿಗೆ ಜಾಗ ಬಿಟ್ಟು ಪೆನ್ನು ಕೆಳಗಿಳಿಸಿದರು.

ನನ್ನ ಎದೆ ತುಂಬಿ ಬಂತು. ಎದೆ ತುಂಬಿದಾಗ ಸುಮ್ಮನಿರುವುದು ನನಗೆ ಬರುವುದಿಲ್ಲ. ಮೋಟರು ನಿಲ್ಲಿಸಿ ಅಚ್ಚಿನ ಪುಡಿ ಊದುತ್ತಾ, ಒಂಬತ್ತು ವರ್ಷದ ಅಭ್ಯಾಸದಂತೆ ನನ್ನಷ್ಟಕ್ಕೆ ಗೊಣಗಿದೆ.

"ಒಂಬತ್ತು ವರ್ಷಕ್ಕೆ ಒಂದೇ ಹಾಳೆಯಂತೆ."

ಪರದೆಯ ಆಚೆ ಕುರ್ಚಿ ಸರಿದ ಸದ್ದಾಯಿತು.

"ಹಾಗಾದ್ರೆ ಇನ್ನೊಂದು ಹಾಳೆ ಕೊಡು," ಅಂದರು ಮಾವ.